ಗೂಡಿನ ಅಂಗಿ ಹೊತ್ತು ಗೌರಿಬಿದನೂರಿಗೆ

ಬೆಳಗ್ಗೆ ಆರೂವರೆಗೆ ಶಿಡ್ಲಘಟ್ಟದ ಬಸ್ ನಿಲ್ದಾಣಕ್ಕೆ ಬಂದಾಗ ನನ್ನ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಚಂದ್ರಿಕೆ. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ನನ್ನದು ಎರಡಡಿ ಅಗಲದ ಪುಟ್ಟದು. ಟ್ರಂಕಿನೊಳಗೆ ಬೇರೆ ಗ್ರಹದಿಂದ ಬಂದವರು ತೊಡುವ ಅಂಗಿ ಇತ್ತು. ಹತ್ತು ವರ್ಷದ ಹಿಂದೆ, ಎಂಬತ್ತರ ದಶಕದ ಮೊದಲಲ್ಲಿ, ಹೊಲಿಗೆ ಟೀಚರಾದ ನಾನೇ ಹೊಲಿದದ್ದು. ಆ ಭಾನುವಾರ ಗೌರಿಬಿದನೂರಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಮ್ಮೇಳನ. "ನೀವು ತಯಾರಿಸಿದ ವೇಷಭೂಷಣ ಇದ್ದರೆ ತನ್ನಿ, ಅದರ ನೆನಪು ಹಂಚಿಕೊಳ್ಳಿ, ಹತ್ತು ನಿಮಿಷ" ಎಂದು ಅವರಿಂದ ಕಾರ್ಡು ಬಂದಿತ್ತು.

ಹಿಂದಿನ ದಿನ ನಮ್ಮ ಯಜಮಾನರು ಟ್ರಂಕು ನೋಡಿ, "ಅದನ್ನ ಮತ್ಯಾಕೆ ಆಚೆ ತೆಗೀತೀಯ? ಚಿಂತಾಮಣೀಲಿ ಆದ ಅವಮಾನ ಸಾಲ್ದಾ?" ಎಂದಿದ್ದರು.

"ಸಾಲ್ದು. ಅದಕ್ಕೇ ಹೋಗ್ತಿದೀನಿ" ಎಂದಿದ್ದೆ.

ಕಂಡಕ್ಟರು ಚಂದ್ರಿಕೆ ನೋಡಿ, "ಮೇಲೆ ಹಾಕಮ್ಮಾ" ಎಂದ. "ಮುರಿದ್ರೆ ನೀನು ಕಟ್ಕೊಡ್ತೀಯಾ?" ಎಂದು ಕೇಳಿದೆ. ಚಂದ್ರಿಕೆಗೆಂದು ಅರ್ಧ ಟಿಕೆಟ್ಟು ಜಾಸ್ತಿ ಹರಿದುಕೊಟ್ಟ. ಚಿಕ್ಕಬಳ್ಳಾಪುರ ಇಪ್ಪತ್ತು ಕಿಲೋಮೀಟರೂ ಇಲ್ಲ. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ಚಳಿಗಾಳಿ. ಬಸ್ಸಿನಲ್ಲಿ ಕೂತು ಚಿಂತಾಮಣಿಯ ಆ ದಿನವನ್ನು ಮನಸ್ಸಿನಲ್ಲೇ ಒಪ್ಪ ಮಾಡಿಕೊಂಡೆ.

ಆಗ ನಮ್ಮೂರಿನ ಗಂಡಸರ ನಾಟಕ ತಂಡವೊಂದು ಚಿಂತಾಮಣಿಯ ಸ್ಪರ್ಧೆಗೆ ಹೊರಟಿತ್ತು. ಕಥೆ ನನ್ನದೇ. ಬೇರೆ ಗ್ರಹದ ಹೆಂಗಸಿನ ಪಾತ್ರ ನನಗೇ ಎಂದುಕೊಂಡು, ನನ್ನ ಅಳತೆಗೆ ಅಂಗಿ ಹೊಲಿದೆ. ಬಿಳಿ ಬಟ್ಟೆಯ ಮೇಲೆ ಸಾಲು ಸಾಲು ರೇಷ್ಮೆಗೂಡು, ತಲೆಗೆ ಕಾಗದದ ಮುದ್ದೆಯಲ್ಲಿ ಮಾಡಿದ ಟೋಪಿ, ಬೆನ್ನಿಗೆ ಚಂದ್ರಿಕೆ. ಕೊನೆಗೆ ಮೇಷ್ಟರೊಬ್ಬರು, "ಹೆಂಗಸರು ಸ್ಟೇಜ್ ಹತ್ತೋದು ಬೇಡಮ್ಮ" ಎಂದು ಅದನ್ನು ತಾವೇ ತೊಟ್ಟರು. ಸ್ಪರ್ಧೆಯ ನಡುವೆ ಗೂಡುಗಳಿಂದ ಚಿಟ್ಟೆಗಳು ಹೊರಬಂದು ಅವರ ಕುತ್ತಿಗೆ ಮೇಲೆ ಹರಿದಾಡಿದವು. ಸಭೆ ಬಿದ್ದು ಬಿದ್ದು ನಕ್ಕಿತು. ಊರಿಗೆ ಬಂದ ಮೇಲೆ ತಪ್ಪೆಲ್ಲ ಹೊಲಿದವಳ ತಲೆಗೆ. ತಪ್ಪು ನನ್ನದಲ್ಲ. ಅದನ್ನು ಹೇಳಲು ಹತ್ತು ವರ್ಷದಲ್ಲಿ ಒಬ್ಬರೂ ನನಗೆ ಹತ್ತು ನಿಮಿಷ ಕೊಟ್ಟಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಇಡ್ಲಿ ತಿಂದು ಕಾಫಿ ಕುಡಿದೆ. ಕಳವಾರ ಬೆಟ್ಟದ ನೆತ್ತಿ ಮಂಜಿನಲ್ಲಿ ಮುಳುಗಿತ್ತು. ಗೌರಿಬಿದನೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ಮಂಚೇನಹಳ್ಳಿವರೆಗೂ ನಿಂತೇ ಪ್ರಯಾಣ. ಅಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ ಮುದುಕಿಯೊಬ್ಬಳು ಚಂದ್ರಿಕೆ ತಟ್ಟಿ, "ಇದೇಮಮ್ಮಾ, ಹುಳ ಇಲ್ದೆ ಚಂದ್ರಿಕೆ ಎತ್ಕೊಂಡು ಎಲ್ಲಿಗೆ?" ಎಂದಳು. "ನಾನೇ ಹುಳ, ನಾನೇ ಕೂತ್ಕೊಳೋದು" ಎಂದೆ. ಇಳಿಯುವವರೆಗೂ ನಗುತ್ತಿದ್ದಳು.

ಹತ್ತೂವರೆಗೆ ಸಮ್ಮೇಳನದ ಜಾಗ ತಲುಪಿದೆ. ಒಂದು ಶಾಲೆಯ ಹಾಲ್, ಐವತ್ತು ಜನ ಇದ್ದಿರಬಹುದು. ಕಾಲೇಜು ಹುಡುಗರು, ಮೇಷ್ಟರುಗಳು, ಸುತ್ತಲಿನ ಹಳ್ಳಿಗಳಿಂದ ಬಂದ ಕೆಲವು ರೇಷ್ಮೆ ಬೆಳೆಗಾರರು. ಕಾರ್ಯದರ್ಶಿ ಟ್ರಂಕು ತೆರೆಸಿ ನೋಡಿ ಖುಷಿಪಟ್ಟ. ಆಮೇಲೆ ತಲೆ ಕೆರೆದುಕೊಂಡ.

"ಮೇಡಂ, ನೀವು ಆರಾಮಾಗಿ ಕೂತ್ಕೊಳಿ. ನಮ್ಮ ವನಜ ಹಾಕ್ಕೊಂಡು ಸ್ಟೇಜ್ ಮೇಲೆ ನಡೀತಾಳೆ. ಅವಳು ಕಾಲೇಜು ಹುಡುಗಿ. ನಿಮ್ಮ ವಯಸ್ಸಿಗೆ..."

ನನಗೆ ಮೈ ಉರಿದುಹೋಯಿತು. "ಯಾಕಪ್ಪಾ, ಬೇರೆ ಗ್ರಹದಲ್ಲಿ ನಲವತ್ತಾರು ವರ್ಷದೋರು ಇರಲ್ವಾ?"

"ಹಂಗಲ್ಲ ಮೇಡಂ, ಜನ ನಗ್ತಾರೆ."

"ನಗ್ಲಿ. ಚಿಂತಾಮಣೀಲಿ ಇದನ್ನ ಒಂದ್ಸಲ ಬೇರೆಯೋರಿಗೆ ಕೊಟ್ಟೆ. ಇನ್ನೊಂದ್ಸಲ ಕೊಡಲ್ಲ. ನಾನು ಹಾಕ್ಕೊಂಡ್ರೆ ಮಾತಾಡ್ತೀನಿ, ಇಲ್ದಿದ್ರೆ ಈಗ್ಲೇ ಬಸ್ ಹತ್ತುತೀನಿ."

ಪಕ್ಕದಲ್ಲಿದ್ದ ವನಜ ಅಂಗಿಯನ್ನು ಮೈಗೆ ಹಿಡಿದು ನೋಡಿಕೊಂಡಳು. "ಇದು ನನಗೆ ಉದ್ದ ಆಗತ್ತೆ ಸಾರ್. ಆಂಟಿನೇ ಹಾಕ್ಕೊಳ್ಳಿ. ನಾನು ಹಿಂದೆ ದಾರ ಕಟ್ತೀನಿ." ಆ ಹುಡುಗಿ ಚೆನ್ನಾಗಿರಲಿ. ಹತ್ತು ವರ್ಷದಲ್ಲಿ ನನ್ನ ಸೊಂಟ ಬೆಳೆದಿತ್ತು. ಹೋದ ವಾರವೇ ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಬಟ್ಟೆ ಕೂಡಿಸಿದ್ದೆ.

ವೇದಿಕೆ ಹತ್ತಿದೆ. ನಕ್ಕರು. ನಗು ನಿಲ್ಲುವವರೆಗೂ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೆ. ಆಮೇಲೆ ಮುಂದಿನ ಸಾಲಿನ ಬೆಳೆಗಾರರ ಕಡೆ ತೋಳು ಚಾಚಿ, "ಒಂದೊಂದು ಕಿತ್ಕೊಳಿ" ಎಂದೆ. ನಮ್ಮ ಕಡೆಯವರ ಕೈಗೆ ಗೂಡು ಕೊಟ್ಟರೆ ಮಾಡುವುದು ಒಂದೇ ಕೆಲಸ. ಎಲ್ಲರೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು.

ಹಿರಿಯರೊಬ್ಬರು, "ಒಳಗೆ ಹುಳ ಇಲ್ಲ ಕಣಮ್ಮ. ತೂತು ಗೂಡು ಇದು" ಎಂದರು.

"ಹೌದು ಸ್ವಾಮಿ, ತೂತು ಗೂಡೇ. ಚಿಟ್ಟೆ ಹೊರಗೆ ಹೋದ್ಮೇಲೆ ಉಳಿದಿದ್ದು. ನೂಲು ಬರಲ್ಲ, ಮಾರ್ಕೆಟ್ಟಲ್ಲಿ ಯಾರೂ ಮೂಸಲ್ಲ. ಅದಕ್ಕೇ ಆರಿಸ್ಕೊಂಡಿದ್ದೆ. ಆದ್ರೆ ನಮ್ಮ ತಂಡದೋರಿಗೆ ನಾಚಿಕೆ ಆಯ್ತು. ಶಿಡ್ಲಘಟ್ಟದೋರು ತೂತು ಗೂಡು ಹಾಕ್ಕೊಂಡು ಹೋದ್ರೆ ಮರ್ಯಾದೆ ಏನಾಗ್ಬೇಕು ಅಂತ, ನನಗೆ ಹೇಳ್ದೆ ಎಲ್ಲಾ ಕಿತ್ತು ಹೊಸ ಗೂಡು ಹೊಲಿಸಿದ್ರು. ಒಂದು ವಾರ ಬಿಸಿಲಿನ ರೂಮಲ್ಲಿ ಇಟ್ಟಿದ್ರು. ಒಬ್ರೂ ಹಬೆ ಕೊಡಿಸ್ಲಿಲ್ಲ!"

ಒಳಗಿನ ಹುಳ ಸಾಯಲಿ ಎಂದೇ ಗೂಡಿಗೆ ಹಬೆ ಕೊಡುವುದು. ಹಬೆ ಕೊಡದ ಗೂಡಿನಿಂದ ಏನು ಬರುತ್ತದೆ ಎಂದು ಆ ಹಾಲ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹಿರಿಯರು ಹಣೆ ಚಚ್ಚಿಕೊಂಡರು. "ಗೂಡಿನ ಊರೋರು ಮಾಡೋ ಕೆಲಸಾನಾ ಅದು!"

ಚಿಟ್ಟೆಗಳು ಬಿಟ್ಟುಹೋದ ಕಂದು ಕಲೆಗಳನ್ನು ಕೊರಳ ಪಟ್ಟಿಯ ಮೇಲೆ ತೋರಿಸಿದೆ. ಅವನ್ನು ಒಗೆದಿರಲಿಲ್ಲ. ಆಮೇಲೆ ನಾನೇ ಕೂತು ಹೊಸ ಗೂಡು ಕಿತ್ತು, ಮತ್ತೆ ತೂತು ಗೂಡು ಹೊಲಿದದ್ದನ್ನೂ ಹೇಳಿದೆ. ಹತ್ತು ನಿಮಿಷ ಅರ್ಧ ಗಂಟೆಯಾಯಿತು, ಕಾರ್ಯದರ್ಶಿ ಗಂಟೆ ಬಾರಿಸಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಹೋಗಲಿಲ್ಲ, ಬರಲಿ ಎಂದು ಬಿಟ್ಟೆ.

ಊಟಕ್ಕೆ ಚಿತ್ರಾನ್ನ, ಮೊಸರನ್ನ. ಆ ಅಂಗಿಯಲ್ಲೇ ಕೂತು ಎರಡು ಸಲ ಬಡಿಸಿಕೊಂಡೆ. ಚಿಕ್ಕಬಳ್ಳಾಪುರದ ಬಸ್ಸು ನಾಲ್ಕು ಗಂಟೆಗೆ. ಹೊರಡುವ ಮೊದಲು ಕಾರ್ಯದರ್ಶಿ ಫೋಟೋದವನನ್ನು ಕರೆತಂದು ನನ್ನನ್ನು ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸಿದ. ವನಜ ಬೆನ್ನಿನ ಚಂದ್ರಿಕೆ ನೆಟ್ಟಗೆ ಮಾಡಿದಳು.

"ಟೋಪಿ ಹಾಕ್ಕೊಳಿ ಮೇಡಂ," ಎಂದ ಫೋಟೋದವನು. "ಆಗ್ಲೇ ಬೇರೆ ಗ್ರಹದೋರು ಅಂತ ಗೊತ್ತಾಗೋದು."

"ಟೋಪಿ ಹಾಕ್ಕೊಂಡ್ರೆ ಒಳಗೆ ಯಾರಿದಾರೋ ಗೊತ್ತಾಗಲ್ಲಪ್ಪ."

ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಕಲೆ ಕಾಣುವಂತೆ ಕೊರಳ ಪಟ್ಟಿ ಎಳೆದುಕೊಂಡು ಕ್ಯಾಮೆರಾವನ್ನೇ ನೋಡುತ್ತಾ, "ಈಗ ತೆಗಿ" ಎಂದೆ.