ಅಕ್ಕನ ಕಿವಿ, ಬೂದಿಯ ಮೂಗು

ನಮ್ಮ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ರೋಲರ್ ಅಕ್ಕ ಎಂದೇ ಕರೆಯುತ್ತಿದ್ದೆವು. ಆಸ್ಪತ್ರೆಗಳಿಂದ, ಲಾಡ್ಜುಗಳಿಂದ ಬಂದ ಬೆಡ್‌ಶೀಟುಗಳು ಒಗೆಸಿಕೊಂಡು, ಹಿಂಡಿಸಿಕೊಂಡು, ಇನ್ನೂ ಅರೆ ಒದ್ದೆಯಾಗಿರುವಾಗಲೇ ಅವಳ ಮುಂದೆ ಬಂದು ಬೀಳುತ್ತಿದ್ದವು. ಅವಳು ಒಂದೊಂದರ ಎರಡು ಮೂಲೆ ಹಿಡಿದು, ಒಮ್ಮೆ ಝಾಡಿಸಿ, ಕಾದ ರೋಲರಿನ ಬಾಯಿಗೆ ಕೊಡುವಳು. ಆಚೆ ಕಡೆ ಅದು ಗರಿಗರಿಯಾಗಿ ಹೊರಬರುವುದು. ಅಲ್ಲಿ ಹಿಡಿದು ಮಡಿಸುವ ಮೇಜು ನನ್ನದು. ಅಕ್ಕ ಕೊಟ್ಟ ಬಟ್ಟೆಯಲ್ಲಿ ಒಂದೇ ಒಂದು ಸುಕ್ಕು ತೋರಿಸಿ ಎಂದು ನಾನು ಹೊಸಬರಿಗೆಲ್ಲ ಸವಾಲು ಹಾಕುತ್ತಿದ್ದೆ. ಯಾರೂ ಗೆದ್ದವರಿಲ್ಲ.

ಅವಳ ಕಥೆ ಹೇಳುವಾಗ ನನಗೆ ತಾಳ್ಮೆ ಇರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಅನ್ಯಾಯ ಮಾಡಿದವನು ಹೊರಗಿನವನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಅವನು ಅವಳ ಮೈದುನ. ಅವಳು ಮದುವೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕಿಕೊಂಡು ಮೂಗು ಸುರಿಸುತ್ತಿದ್ದವನು. ಓದು ತಲೆಗೆ ಹತ್ತದೆ ಬೀದಿ ಅಳೆಯುತ್ತಿದ್ದವನನ್ನು ಲಾಂಡ್ರಿಗೆ ಕರೆತಂದವಳು ಅಕ್ಕ. ಮೂಲೆಗೆ ಮೂಲೆ ಕೂಡಿಸಿ ಬೆಡ್‌ಶೀಟ್ ಮಡಿಸುವುದನ್ನು ಕಲಿಸಿದವಳು ಅಕ್ಕ. ಕೈ ಅಷ್ಟಕ್ಕಷ್ಟೇ ಆದರೂ ಬಾಯಿ ಚುರುಕಾಗಿದ್ದರಿಂದ ಅವನು ಬೇಗ ಮೇಸ್ತ್ರಿಯಾದ. ಆ ದಿನ ಅಕ್ಕ ನಮಗೆಲ್ಲ ಸಿಹಿ ಹಂಚಿದಳು. ಆ ಸಿಹಿ ನೆನೆದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ.

ಆಮೇಲೆ ಅಕ್ಕನಿಗೆ ಒಂದು ಕೆಟ್ಟ ಜ್ವರ ಬಂತು. ಹೋಗುವಾಗ ಅವಳ ಎರಡೂ ಕಿವಿಗಳನ್ನು ಹೊತ್ತುಕೊಂಡು ಹೋಯಿತು. ಕಿವಿಗೆ ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುವಳು. ತನ್ನ ದನಿ ತನಗೇ ಕೇಳದ್ದರಿಂದ ಗುಟ್ಟು ಹೇಳಲು ಹೋಗಿ ಲಾಂಡ್ರಿಯ ಇಡೀ ಹಾಲಿಗೆ ಕೇಳುವಂತೆ ಹೇಳುವಳು. ನಾವು ನಕ್ಕರೆ ತಾನೂ ನಗುವಳು.

ನಗಲಾರದ ವಿಷಯ ಒಂದಿತ್ತು. ರೋಲರಿನ ಉದ್ದಕ್ಕೂ ಒಂದು ಕೆಂಪು ಹಗ್ಗ ಕಟ್ಟಿದೆ. ಬಟ್ಟೆ ಸಿಕ್ಕಿಕೊಂಡರೆ, ಬೆರಳು ಹತ್ತಿರ ಹೋದರೆ, ಕಂಡವರು ಯಾರೇ ಆಗಲಿ ಅದನ್ನು ಎಳೆಯಬೇಕು. ಗಂಟೆ ಬಾರಿಸುತ್ತದೆ. ಬಟ್ಟೆ ಕೊಡುವ ತುದಿಯಲ್ಲಿ ನಿಂತವಳು ಕಾಲಡಿಯ ಪೆಡಲ್ ಒತ್ತಿ ರೋಲರ್ ನಿಲ್ಲಿಸಬೇಕು. ಒಂದು ದಿನ ಬೆಡ್‌ಶೀಟ್ ತಿರುಚಿಕೊಂಡು ಸಿಕ್ಕಿಬಿತ್ತು. ನಾನು ಹಗ್ಗ ಎಳೆದೆ, ಅಕ್ಕನಿಗೆ ಕೇಳಲಿಲ್ಲ. ಓಡಿಹೋಗಿ ಭುಜ ಅಲುಗಿಸುವಷ್ಟರಲ್ಲಿ ಬಟ್ಟೆ ಕಂದಿ ಹೊಗೆಯಾಡುತ್ತಿತ್ತು.

ಮೇಸ್ತ್ರಿ ಅದೇ ಬಟ್ಟೆಯನ್ನು ಹಿಡಿದುಕೊಂಡು ಮಹಡಿಯ ಕ್ಯಾಬಿನ್ನಿಗೆ, ಯಜಮಾನಿ ಅಮ್ಮನ ಹತ್ತಿರ ಹೋದ. "ಇವತ್ತು ಬಟ್ಟೆ ಸುಟ್ಟಿದೆ ಅಮ್ಮ, ನಾಳೆ ಯಾರದಾದ್ರೂ ಕೈ. ಕಿವುಡರನ್ನ ಅಲ್ಲಿ ನಿಲ್ಲಿಸೋದು ಹೇಗೆ?" ಎಂದ. ಅವನ ಮಾತು ಸುಳ್ಳೇನಲ್ಲ. ಆದರೆ ಮಾರನೆಯ ದಿನ ಆ ಜಾಗದಲ್ಲಿ ನಿಂತಿದ್ದವಳು ಅವನ ಹೆಂಡತಿ. ಅತ್ತಿಗೆಗೆ ಬೇರೆ ಯಾವ ಮೇಜು ಕೊಡೋಣ ಎಂದು ಅವನು ಒಂದು ಮಾತೂ ಕೇಳಲಿಲ್ಲ.

ಅಕ್ಕ ತನ್ನ ಏಪ್ರನ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. "ಇದೇ ಜಾಗಕ್ಕೆ ವಾಪಸ್ ಬರ್ತೀನಿ ಕಣೇ. ಅವನ ಕೈಯಿಂದಲೇ ಆ ಗಂಟೆ ಬಾರಿಸ್ತೀನಿ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಪಿಸುಮಾತು ಬಾಯ್ಲರ್ ಮನೆಯವರೆಗೂ ಕೇಳಿಸಿತು. ಮೇಸ್ತ್ರಿ ಬೇರೆ ಕಡೆ ಮುಖ ತಿರುಗಿಸಿಕೊಂಡ.

ಬಾಯ್ಲರಿನ ಹಿಂದಿನ ಬೆಚ್ಚನೆಯ ಗೋಡೆಗೆ ಒರಗಿ ಮಲಗುತ್ತಿದ್ದ ಒಂದು ಬೀದಿನಾಯಿ ಇತ್ತು. ಮೈಬಣ್ಣ ಬೂದಿ, ಮಲಗುವುದೂ ಬೂದಿಯಲ್ಲಿ, ಹಾಗಾಗಿ ಹೆಸರೂ ಬೂದಿ. ಅಕ್ಕನ ಊಟದ ಡಬ್ಬಿಯಲ್ಲಿ ಅದಕ್ಕೆ ದಿನವೂ ಪಾಲಿತ್ತು. ಕೆಲಸ ಹೋದ ದಿನ ಅದು ಅವಳ ಹಿಂದೆಯೇ ಮನೆಗೆ ಹೋಯಿತು. ಬೇರೆ ಯಾರೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಅಕ್ಕ ಬಟ್ಟೆ ಹೊಲಿಯುತ್ತಾ ಕೂತಿದ್ದಾಗ ಬೂದಿ ತಟ್ಟನೆ ಎದ್ದು ಕಿವಿ ನಿಮಿರಿಸಿ ಬಾಗಿಲ ಕಡೆ ನೋಡಿತು. ಅಕ್ಕ ಬಾಗಿಲು ತೆರೆದರೆ ನಾನು ನಿಂತಿದ್ದೆ, ಬಡಿದು ಬಡಿದು ಕೈ ನೋಯಿಸಿಕೊಂಡು. ಅವಳು ನನ್ನನ್ನು ಒಳಗೆ ಬಾ ಎಂದೂ ಕರೆಯಲಿಲ್ಲ. ನಾಯಿಯ ಕಿವಿಯನ್ನೇ ನೋಡುತ್ತಾ ನಿಂತುಬಿಟ್ಟಳು. ಅಲ್ಲಿಂದ ಹಿಡಿಯಿತು ಹುಚ್ಚು.

ಲಾಂಡ್ರಿಯಲ್ಲಿ ಬಿಚ್ಚಿ ಎಸೆದಿದ್ದ ಹಳೆಯ ಗಂಟೆಯೊಂದನ್ನು ಬಾಯ್ಲರ್ ನೋಡಿಕೊಳ್ಳುವ ತಾತ ಚೀಲದಲ್ಲಿ ಮುಚ್ಚಿ ತಂದುಕೊಟ್ಟ. ಅದೇ ದನಿ. ಗಂಟೆ ಬಾರಿಸುವ ಕೆಲಸ ಅಕ್ಕನ ಗಂಡನದು. ನಾನು ಭಾವ ಎಂದು ಕರೆಯುವ ಆತ ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಅವನು ಗಂಟೆ ಬಾರಿಸುವನು. ಬೂದಿ ಬಂದು ಅಕ್ಕನ ಮೊಣಕಾಲಿಗೆ ಮೂಗು ಒತ್ತಿದರೆ ಬೇಯಿಸಿದ ಮೊಟ್ಟೆಯ ಚೂರು. ಒತ್ತದಿದ್ದರೆ ಚೂರಿಲ್ಲ, ಬೈಗುಳವೂ ಇಲ್ಲ. ಮುಟ್ಟುವುದು ಬಂದ ಮೇಲೆ, ಅಕ್ಕ ಅಂಗೈ ತೆರೆದು ತೋರಿಸಿದರೆ ಸದ್ದು ಬಂದ ಕಡೆಗೆ ಕರೆದೊಯ್ಯುವುದನ್ನು ಕಲಿಸಿದಳು. ಬಾಗಿಲ ಬಡಿತ, ಕುಕ್ಕರಿನ ಸೀಟಿ, ಎಲ್ಲಕ್ಕೂ ಅದೇ ಪಾಠ. ಬೆಡ್‌ಶೀಟ್ ಮೈಮೇಲೆ ಬಿದ್ದರೂ, ಪಕ್ಕದಲ್ಲಿ ತಳ್ಳುಗಾಡಿ ಉರುಳಿದರೂ ಚಾಪೆ ಬಿಟ್ಟು ಏಳದಂತೆ ರೂಢಿ ಮಾಡಿಸಿದಳು. ಚಾಪೆಯನ್ನು ಹಾಸುತ್ತಿದ್ದುದು ಯಾವಾಗಲೂ ಅವಳ ಬೆನ್ನ ಹಿಂದೆ, ರೋಲರಿನ ಬಿಸಿ ತಾಗದಷ್ಟು ದೂರದ ಅಂದಾಜಿನಲ್ಲಿ.

"ಇಷ್ಟೆಲ್ಲ ಯಾಕೆ? ಮನೇಲೇ ಹೊಲಿಗೆ ಇದೆಯಲ್ಲ. ಅವನು ನನ್ನ ತಮ್ಮ ಕಣೇ" ಎಂದ ಭಾವ ಒಂದು ದಿನ.

"ನಿನಗೆ ತಮ್ಮ ಆಗಿ ಹುಟ್ಟಿದ. ನಾನು ಸಾಕಿದ್ದು. ಅದಕ್ಕೇ ಹೊಟ್ಟೆ ಉರೀತಿರೋದು" ಎಂದಳು ಅಕ್ಕ.

ಬೂದಿ ಒಂದು ಸಲವೂ ತಪ್ಪದ ಹಂತಕ್ಕೆ ಬಂದಾಗ ಅಕ್ಕ ಯಜಮಾನಿ ಅಮ್ಮನನ್ನು ಕಂಡು ತನ್ನ ಜಾಗ ವಾಪಸ್ ಕೇಳಿದಳು. ಆಕೆ ನಾಯಿಯನ್ನೂ ಅಕ್ಕನನ್ನೂ ಮೇಲಿಂದ ಕೆಳಗೆ ನೋಡಿ, ಕೆಲಸ ನಡೆಯುವಾಗಲೇ ಪರೀಕ್ಷೆ ಆಗಲಿ ಎಂದರು. ಆ ದಿನ ಅಕ್ಕ ಬಟ್ಟೆ ಕೊಡುವ ಮೇಜಿನ ಮುಂದೆ ನಿಂತಳು. ಕಂಬದ ಹಿಂದಿನಿಂದ ಮೇಸ್ತ್ರಿ ಹಗ್ಗ ಎಳೆದ. ಗಂಟೆ ಬಾರಿಸಿತು. ಬೂದಿ ಚಾಪೆಯ ಮೇಲೆ ಮಲಗಿಯೇ ಇತ್ತು. ಮತ್ತೆ ಎಳೆದ. ಅದು ಆಕಳಿಸಿತು.

"ಅತ್ತಿಗೆ ತನ್ನ ಕಿವುಡನ್ನ ನಾಯಿಗೂ ಅಂಟಿಸಿಬಿಟ್ಟಿದಾಳೆ" ಎಂದ ಮೇಸ್ತ್ರಿ. ಅದನ್ನು ಅಕ್ಕನ ಎದುರಿಗೇ ನಿಂತು, ತುಟಿ ಓದಲು ಅನುಕೂಲವಾಗುವಂತೆ ನಿಧಾನವಾಗಿ ಹೇಳಿದ. ಆ ನಿಧಾನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಕ್ಕ ಕಣ್ಣೀರು ಹಾಕಲಿಲ್ಲ. ನಾಯಿಯ ಹಗ್ಗ ಹಿಡಿದು ಹೊರಟುಹೋದಳು.

ನನಗೆ ತಡೆಯಲಾಗದೆ ಕೆಲಸ ಮುಗಿದ ಕೂಡಲೇ ಅವಳ ಮನೆಗೆ ಹೋದೆ. ಗಂಡ ಹೆಂಡತಿ ಮತ್ತೆ ಅಭ್ಯಾಸಕ್ಕೆ ಕೂತಿದ್ದರು. ಭಾವ ಕಪಾಟಿನ ಮೇಲಿನ ಗಂಟೆಗೆ ಕೈ ಚಾಚಿದ. ಅಷ್ಟರಲ್ಲಿ ನನ್ನನ್ನು ಕಂಡು, "ಬಾಮ್ಮ" ಎನ್ನುತ್ತಾ ಬಾರಿಸುವುದನ್ನೇ ಮರೆತ. ಬೂದಿ ಮಾತ್ರ ಓಡಿಹೋಗಿ ಅಕ್ಕನ ಮೊಣಕಾಲಿಗೆ ಮೂಗು ಒತ್ತಿತು. ಅಕ್ಕ ಸಂತೋಷದಿಂದ ಮೊಟ್ಟೆಯ ಚೂರು ಕೊಟ್ಟಳು.

"ಗಂಟೆ ಬಾರಿಸಲೇ ಇಲ್ಲ ಅಕ್ಕ" ಎಂದೆ.

ಅವಳು ನನ್ನ ತುಟಿಯನ್ನು ಎರಡೆರಡು ಸಲ ಓದಿದಳು. ಆಮೇಲೆ ಎಲ್ಲ ಅರ್ಥವಾಯಿತು. ಗಂಟೆಯ ಪಾಠದಲ್ಲಿ ನಾಯಿ ಕಲಿತದ್ದು ಸದ್ದನ್ನಲ್ಲ, ಭಾವನ ಕೈಯನ್ನು. ಕೈ ಮೇಲೆದ್ದರೆ ಮೊಟ್ಟೆ ಸಿಗುತ್ತದೆ, ಅಷ್ಟೇ ಅದರ ಲೆಕ್ಕ. ಕಿವಿ ಕೇಳುವ ಯಾರಾದರೂ ಕಲಿಸಿದ್ದರೆ ಮೊದಲ ವಾರವೇ ಸಿಕ್ಕಿಬೀಳುತ್ತಿದ್ದ ತಪ್ಪು. ಅಕ್ಕನಿಗೆ ಸದ್ದಾಯಿತೋ ಇಲ್ಲವೋ ತಿಳಿಯುತ್ತಿದ್ದುದೇ ನಾಯಿ ಬಂದು ಮುಟ್ಟಿದಾಗ. ಭಾವನೋ, ನಾಯಿ ಎಷ್ಟು ಚುರುಕು, ಬಾರಿಸುವ ಮೊದಲೇ ಓಡುತ್ತದೆ ಎಂದು ಹಿಗ್ಗುತ್ತಿದ್ದ ಪುಣ್ಯಾತ್ಮ.

ಅಕ್ಕ ಹಲ್ಲು ಕಚ್ಚಿ ಮೊದಲಿನಿಂದ ಶುರು ಮಾಡಿದಳು. ಈಗ ಗಂಟೆ ಪಕ್ಕದ ಮನೆಗೆ ಹೋಯಿತು. ಒಮ್ಮೆ ಬಚ್ಚಲಿಂದ, ಒಮ್ಮೆ ಕಿಟಕಿಯ ಹೊರಗಿಂದ, ಒಮ್ಮೆ ನನ್ನ ಕೈಯಲ್ಲಿ, ಒಮ್ಮೆ ತಾತನ ಕೈಯಲ್ಲಿ. ಭಾವನಿಗೆ ಹೊಸ ಕೆಲಸ ಸಿಕ್ಕಿತು: ಬೂದಿಯ ಕಣ್ಣೆದುರು ನಿಂತು ಸುಮ್ಮನೆ ಕೈ ಎತ್ತುವುದು, ಇಳಿಸುವುದು. ಆಗ ಓಡಿ ಬಂದರೆ ಏನೂ ಸಿಗದು. ಪಾಪದ ಪ್ರಾಣಿ ಸ್ವಲ್ಪ ಕಾಲ ತಲೆಕೆಟ್ಟು ಎಲ್ಲರ ಮುಖ ನೋಡಿತು. ಕೊನೆಗೆ ಕೈಗಳ ಗೊಡವೆ ಬಿಟ್ಟು ಕಿವಿಯನ್ನು ನಂಬಲು ಕಲಿಯಿತು.

ಆದರೆ ಭಾವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹಿಂದಿನ ಸಲ ನಾಯಿ ಯಾಕೆ ಸೋತಿತು ಎನ್ನುವುದನ್ನು ತಮ್ಮನ ಹತ್ತಿರ ನಗುನಗುತ್ತಾ ಹೇಳಿಬಿಟ್ಟಿದ್ದ. ಗುಳ್ಳೆನರಿಗೆ ಅಷ್ಟು ಸಾಕಾಯಿತು.

ಅಕ್ಕ ಮತ್ತೆ ಹೋಗಿ ಕೇಳಿ ಪಡೆದ ಎರಡನೆಯ ಪರೀಕ್ಷೆಯ ದಿನ ಯಜಮಾನಿ ಅಮ್ಮ ಉಬ್ಬಸದ ಕಾರಣ ಹಬೆಯ ಹಾಲಿಗೆ ಇಳಿಯದೆ, ಮೇಲಿನ ಕ್ಯಾಬಿನ್ನಿನ ಗಾಜಿನ ಹಿಂದೆಯೇ ನಿಂತರು. ಅಲ್ಲಿಗೆ ನಮ್ಮ ಗದ್ದಲ ಯಾವುದೂ ಕೇಳದು. ಅಕ್ಕ ಮೇಜಿನ ತುದಿಯಲ್ಲಿ ನಿಂತಿದ್ದಳು. ಅವಳ ಓರಗಿತ್ತಿ, ಅಂದರೆ ಮೇಸ್ತ್ರಿಯ ಹೆಂಡತಿ, ರೋಲರಿನ ಪಕ್ಕಕ್ಕೆ ಸರಿದು ನಿಂತಿದ್ದಳು. ಮೇಸ್ತ್ರಿ ಈ ಸಲ ಕಂಬದ ಹಿಂದೆ ಹೋಗಲಿಲ್ಲ. ಬೂದಿಗೆ ಕಾಣುವಂತೆ ಎದುರಿಗೇ ನಿಂತು, ಕೈ ಎತ್ತಿ ಕೆಂಪು ಹಗ್ಗ ಹಿಡಿದ. ಎಳೆಯಲಿಲ್ಲ. ಗಂಟೆಯ ಸದ್ದೇ ಇಲ್ಲದೆ ನಾಯಿ ಓಡಿ ಬಂದರೆ ಅಕ್ಕನ ಮಾನ ಹರಾಜು ಹಾಕುವ ಯೋಚನೆ.

ಬೂದಿ ಅವನ ಕೈ ನೋಡಿತು. ಆಮೇಲೆ ಮುಂಗಾಲಿನ ಮೇಲೆ ಗಲ್ಲ ಇಟ್ಟುಕೊಂಡಿತು.

ಮೇಸ್ತ್ರಿಯ ಮುಖ ಪೆಚ್ಚಾಯಿತು. ಆದರೂ ಅವನ ಬಾಯಿಗೆ ಬರವೇ? ಮಾತನ್ನು ಅಲ್ಲೇ ತಿರುಗಿಸಿದ. "ಬಾರಿಸಿದೆ. ನಾಯಿ ಅಲ್ಲಾಡಲಿಲ್ಲ" ಎನ್ನುತ್ತಾ ಮೇಲೆ ಗಾಜಿನ ಕಡೆ ಇಲ್ಲ ಎಂದು ಕೈ ಆಡಿಸಿದ. ಹಾಲಿನಲ್ಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರಿಗೆ ಯಾವ ಪಾಳಿ ಎಂದು ಬರೆಯುವವನು ಅವನೇ.

ಅಕ್ಕ ಅವನ ತುಟಿಯಿಂದ ಕಣ್ಣು ಕೀಳಲಿಲ್ಲ. ಒಮ್ಮೆ ತಿರುಗಿ ಬೂದಿಯನ್ನು ನೋಡಿದಳು. "ನೀನು ಬಾರಿಸಿಲ್ಲ" ಎಂದಳು.

"ಕಿವುಡಿಗೆ ಹೇಗೆ ಗೊತ್ತು?"

"ನನ್ನ ನಾಯಿ ಎದ್ದಿಲ್ಲ. ನೀನು ಬಾರಿಸಿಲ್ಲ."

ಆಗ ಗಂಟೆ ಬಾರಿಸಿತು. ನಾವೆಲ್ಲ ಬೆಚ್ಚಿದೆವು. ಬೂದಿ ಒಂದೇ ನೆಗೆತಕ್ಕೆ ಬಂದು ಅಕ್ಕನ ಮೊಣಕಾಲಿಗೆ ಮೂಗು ಒತ್ತಿತು, ಅಕ್ಕನ ಕಾಲು ಪೆಡಲ್ ಮೇಲೆ ಬಿತ್ತು, ರೋಲರ್ ನಿಂತಿತು. ಹಗ್ಗ ಎಳೆದವಳು ಓರಗಿತ್ತಿ. ರೋಲರಿನ ಝಳಕ್ಕೆ ಮಣಿಕಟ್ಟು ಸುಟ್ಟುಕೊಂಡು, ಆ ಜಾಗ ಬೇಡ ಎಂದು ಗಂಡನ ಹತ್ತಿರ ಗೋಗರೆದು ಸಾಕಾಗಿದ್ದವಳು. ಹಗ್ಗವನ್ನು ಇನ್ನೂ ಹಿಡಿದುಕೊಂಡೇ ಅವಳು ಗಂಡನಿಗೆ ಹೇಳಿದಳು: "ಈಗ ಬಾರಿಸಿತು ನೋಡ್ರೀ. ಆಗ ಬಾರಿಸಿರಲಿಲ್ಲ."

ಯಜಮಾನಿ ಅಮ್ಮ ಉಬ್ಬಸವನ್ನೂ ಲೆಕ್ಕಿಸದೆ ಮೆಟ್ಟಿಲಿಳಿದು ಬಂದರು. ನಡೆದದ್ದನ್ನು ನಾನು ಹೇಳಿದೆ, ತಾತ ಹೇಳಿದ, ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಆಕೆ ಮೇಸ್ತ್ರಿಯ ಕಡೆ ನೋಡಲೂ ಇಲ್ಲ. ಅಕ್ಕನ ಕಡೆ ತಿರುಗಿ, ಯಾವತ್ತಿಂದ ಬರ್ತೀಯ ಎಂದು ಕೇಳಿದರು.

"ಇವತ್ತಿಂದಲೇ ಅಮ್ಮ. ಒಂದು ಮಾತು ನಡೆಸಿಕೊಡಬೇಕು. ದಿನಾ ಕೆಲಸಕ್ಕೆ ಮುಂಚೆ ಗಂಟೆ ಪರೀಕ್ಷೆ ಆಗ್ಲಿ. ಬೂದಿ ಬಂದು ನನ್ನ ಮುಟ್ಟಿದ ಮೇಲೇ ರೋಲರ್ ತಿರುಗಲಿ. ಹಗ್ಗ ಮಾತ್ರ ಮೇಸ್ತ್ರಿನೇ ಎಳೀಬೇಕು."

ಎಲ್ಲರ ಕ್ಷೇಮದ ಮಾತಾದ್ದರಿಂದ ಆಕೆ ಒಪ್ಪಿದರು. ಅದು ಕ್ಷೇಮದ ಮಾತೂ ಹೌದು. ಆದರೆ ಅದನ್ನು ಹೇಳುವಾಗ ಅಕ್ಕನ ಕಣ್ಣಲ್ಲಿ ಇದ್ದದ್ದು ಏನೆಂದು ನನಗೆ ಗೊತ್ತು, ಮೈದುನನಿಗೂ ಗೊತ್ತು.

ಅಂದಿನಿಂದ ಪ್ರತಿ ಬೆಳಿಗ್ಗೆ ಇಡೀ ಹಾಲು ಕೈಕಟ್ಟಿ ನಿಲ್ಲುತ್ತದೆ. ಮೇಸ್ತ್ರಿ ಬಂದು ಹಗ್ಗ ಎಳೆಯುತ್ತಾನೆ. ಬೂದಿ ಎದ್ದು ಹೋಗಿ ಮುಟ್ಟುತ್ತದೆ. ಅಕ್ಕ ಅವನ ಮುಖ ನೋಡಿ, ಆಯ್ತು ಹೋಗು ಎಂಬಂತೆ ತಲೆ ಆಡಿಸುತ್ತಾಳೆ. ಅವನಿಗೆ ಗಂಟೆ ಮೇಸ್ತ್ರಿ ಎಂದು ಹೆಸರು ಬಿತ್ತು, ಇಟ್ಟವಳು ನಾನೇ. ಓರಗಿತ್ತಿ ಈಗ ನನ್ನ ಮೇಜಿನಲ್ಲಿ ನೆಮ್ಮದಿಯಾಗಿ ಬಟ್ಟೆ ಮಡಿಸುತ್ತಾಳೆ.

ಒಂದು ರಜೆಯ ದಿನ ನಾನು ಅಕ್ಕನ ಮನೆಯಲ್ಲಿ ಟೀ ಕುಡಿಯುತ್ತಿದ್ದೆ. ಭಾವ ಪೇಟೆಗೆ ಹೋಗಿದ್ದ. ಬಾಗಿಲು ಬಡಿದ ಸದ್ದಾಯಿತು, ಜೊತೆಗೆ "ಅತ್ತಿಗೆ" ಎಂಬ ದನಿ. ಬೂದಿ ಬಂದು ಅಕ್ಕನ ಮೊಣಕಾಲು ಮುಟ್ಟಿತು. ಅಕ್ಕ ಕಿಟಕಿಯ ಪರದೆ ಸರಿಸಿದಳು. ಹೊರಗೆ ಮೈದುನ, ಕೈಯಲ್ಲಿ ಹಣ್ಣಿನ ಚೀಲ. ಅವಳು ಅವನನ್ನು ನೋಡಿದಳು. ಅವನೂ ಅವಳನ್ನು ನೋಡಿದ. "ಅತ್ತಿಗೆ, ತಪ್ಪಾಯ್ತು, ಆ ಗಂಟೆ ಒಂದು ಬಿಟ್ಟುಬಿಡಿ" ಎಂದ. ಗಾಜಿನ ಆಚೆಯಿಂದಲೂ ತುಟಿ ಚೆನ್ನಾಗಿ ಕಾಣುತ್ತಿತ್ತು. ಅಕ್ಕ ಪರದೆ ಎಳೆದು ಮುಚ್ಚಿ, ಬಂದು ಕೂತು, ಬೂದಿಗೆ ಮೊಟ್ಟೆಯ ಚೂರು ಕೊಟ್ಟಳು.

ಅವನು ಮತ್ತೆ ಬಡಿದ. ಬೂದಿ ಮತ್ತೆ ಮುಟ್ಟಿತು. ಮತ್ತೊಂದು ಚೂರು. ನಾನು ಏಳಲು ಹೋದರೆ ಅಕ್ಕ ಕೈ ಹಿಡಿದು ಕೂರಿಸಿದಳು. ಅವನು ಬಡಿಯುತ್ತಲೇ ಇದ್ದ, ಇದು ಮುಟ್ಟುತ್ತಲೇ ಇತ್ತು. ಮೊಟ್ಟೆ ಮುಗಿಯುವವರೆಗೂ ಬೂದಿಗೆ ಸುಗ್ಗಿ.

ಮಾರನೆಯ ಬೆಳಿಗ್ಗೆ ಅವನು ಹಗ್ಗದ ಹತ್ತಿರ ಬಂದು ನಿಂತು ಅಕ್ಕನ ಕಡೆ ತಿರುಗಿದ. "ನಿನ್ನೆ ಅಷ್ಟು ಹೊತ್ತು ಬಾಗಿಲು ಬಡಿದೆ ಅತ್ತಿಗೆ."

"ಹೌದಾ?" ಎಂದಳು ಅಕ್ಕ, ತನಗೆ ಮೆಲ್ಲಗೆ ಅನಿಸುವ, ಇಡೀ ಹಾಲಿಗೆ ಕೇಳುವ ಆ ದನಿಯಲ್ಲಿ. "ನನಗೆ ಕಿವಿ ಕೇಳಲ್ವಲ್ಲಪ್ಪ. ಅಮ್ಮಾವ್ರಿಗೆ ಮೊದಲು ಹೋಗಿ ಹೇಳಿದವನು ನೀನೇ ಅಲ್ವಾ?" ಎಂದು ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದುಕೊಂಡಳು. "ಹಗ್ಗ ಎಳಿ. ಎಲ್ಲರೂ ಕಾಯ್ತಿದಾರೆ."

ಅವನು ಎಳೆದ.