ಬೀಗರ ಮನೆಗೆ ಒಣ ಬ್ಯಾಟರಿ

ನಮ್ಮ ಬೆಟ್ಟದೂರು ಅತ್‌ಬಾಶಿಯ ಸಂತೆಯಲ್ಲಿ ಸಾಯ್ರಾಗುಲ್ ಮೋಟಾರ್‌ಸೈಕಲ್ ಬ್ಯಾಟರಿ ಮಾರುತ್ತಾಳೆ. ಹಳೆಯ ಕಬ್ಬಿಣದ ಕಂಟೇನರೇ ಅವಳ ಅಂಗಡಿ. ಶಾಲೆಯಲ್ಲಿ ನನ್ನ ಬಳಿ ಲೆಕ್ಕ ಕಲಿತವಳು. ಈಗ ಊರಿನ ಕುರಿಗಾಹಿಗಳಿಗೆಲ್ಲ ಅವಳೇ ಮೇಷ್ಟರು. ಆಸಿಡ್ ತುಂಬಿದ ಬ್ಯಾಟರಿಗಳನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಲು ಸುಲಭವಾಗಲೆಂದು ಬಾಗಿಲ ಬಳಿ ಇಟ್ಟಿರುತ್ತಾಳೆ. ಒಣ ಬ್ಯಾಟರಿಗಳು ಒಳಗಿನ ಹಲಗೆಯ ಮೇಲೆ, ಮುಚ್ಚಳ ಬಿಚ್ಚದೆ ಕೂತಿರುತ್ತವೆ. ಬಳಸುವ ಹೊತ್ತಿಗೆ ಅವುಗಳಿಗೆ ತುಂಬುವ ಆಸಿಡ್ ಬೇರೆ ಸೀಸೆಯಲ್ಲಿರುತ್ತದೆ. ತುಂಬಿದ್ದು ಹಾಲು ಕರೆಯುವ ಹೆಣ್ಣುಕುದುರೆಯಂತೆ, ಬಿಡದೆ ನೋಡಿಕೊಳ್ಳಬೇಕು. ಒಣಗಿದ್ದು ಬೀಜದಂತೆ, ಬಿತ್ತುವವರೆಗೂ ಸುಮ್ಮನಿರುತ್ತದೆ ಎಂಬುದು ಅವಳ ಪಾಠ.

ಒಂದು ಶರತ್ಕಾಲದಲ್ಲಿ ಮುದುಕ ಕಾಲಿಗುಲ್ ಬಂದ. ಮಗಳು ಬುರುಲಾಯಳನ್ನು ಘಟ್ಟದಾಚೆ ಮದುವೆ ಮಾಡಿಕೊಟ್ಟು ವರ್ಷವಾಗಿತ್ತು. ಬೀಗರ ಗಾಡಿಗೆ ಹೊಸ ಬ್ಯಾಟರಿ ಕಳಿಸುತ್ತೇನೆಂದು ಮಾತು ಕೊಟ್ಟಿದ್ದ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಲಾರಿಯೊಂದು ಆ ಕಡೆ ಹೊರಟಿತ್ತು. ಗಾಡಿ ಬೇಕಾಗುವುದು ಮಾತ್ರ ಬೇಸಿಗೆಗೆ, ಕುರಿ ಹೊಡೆದುಕೊಂಡು ಬೆಟ್ಟ ಏರುವಾಗ. ಅಲ್ಲಿಯವರೆಗೆ ಬ್ಯಾಟರಿ ಬೀಗರ ಕೊಟ್ಟಿಗೆಯಲ್ಲಿರಬೇಕು. ಅಲ್ಲಿ ಚಾರ್ಜರ್ ಇಲ್ಲ.

ಸಾಯ್ರಾಗುಲ್ ಒಣ ಬ್ಯಾಟರಿ ಇಳಿಸಿಕೊಟ್ಟಳು. ಮುದುಕ ಅಲುಗಿಸಿ ನೋಡಿ ಮುಖ ಸಿಂಡರಿಸಿದ.

"ಮಗಳೇ, ಇದ್ರೊಳಗೆ ಏನೂ ಇಲ್ವಲ್ಲ. ಬೀಗರ ಮನೆಗೆ ಖಾಲಿ ಪಾತ್ರೆ ಕಳಿಸಿದ ಅಂತ ನಾನು ಸತ್ತ ಮೇಲೂ ಆಡ್ಕೋತಾರೆ. ತುಂಬು."

ಪಕ್ಕದ ಮನೆಯ ಬಟ್ಟಲನ್ನೂ ನಾಲ್ಕು ಚೂರು ಸಕ್ಕರೆಯಾದರೂ ಹಾಕದೆ ಹಿಂದಿರುಗಿಸುವವರಲ್ಲ ನಾವು. ಅವನ ಭಯ ಸುಳ್ಳಲ್ಲ. ಬೀಗರು ಆಡಿಕೊಂಡರೆ ಕೇಳಬೇಕಾದವಳು ಬುರುಲಾಯ್.

ಈಗಲೇ ತುಂಬಿದರೆ ಕೂತಲ್ಲೇ ಶಕ್ತಿ ಇಳಿದು, ಜನವರಿಯ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆಂದು ಸಾಯ್ರಾಗುಲ್ ಬಿಡಿಸಿ ಹೇಳಿದಳು.

"ಒಡೆದ್ರೆ ಒಡೀಲಿ," ಎಂದ ಮುದುಕ. "ತುಂಬಿದ್ದು ಅನ್ನಿಸ್ಕೊಂಡು ಒಡೀಲಿ."

ಅವಳು ವಾದ ಬಿಟ್ಟಳು. ಮನೆಯಿಂದ ಕುರುತ್ ತರಿಸಿದಳು. ಗಟ್ಟಿಮೊಸರಿನ ಆ ಒಣ ಉಂಡೆಗಳ ಜೊತೆ ಒಣದ್ರಾಕ್ಷಿ ಸೇರಿಸಿ, ಹೂವಿನ ಬಟ್ಟೆಯಲ್ಲಿ ಗಂಟು ಕಟ್ಟಿ ಬ್ಯಾಟರಿಯ ಪೆಟ್ಟಿಗೆಗೆ ಬಿಗಿದಳು. ಆಸಿಡ್ ಸೀಸೆಯನ್ನು ಬೇರೆ ಡಬ್ಬಿಯಲ್ಲಿಟ್ಟಳು.

"ಈಗ ಖಾಲಿ ಅನ್ಲಿ ನೋಡೋಣ, ಅಜ್ಜ. ಕುರುತ್ ಬೀಗರು ತಿನ್ಲಿ, ಆಸಿಡ್ ಗಾಡಿ ಕುಡೀಲಿ. ಅದಲುಬದಲಾಗ್ದಿರೋ ಹಾಗೆ ಬುರುಲಾಯ್‌ಗೆ ಚೀಟಿ ಬರ್ದಿದೀನಿ."

ಬೇಸಿಗೆಯವರೆಗೆ ಮುಚ್ಚಳ ಮುಟ್ಟಬಾರದು, ಆಮೇಲೆ ಕೈಗವಸು ಹಾಕಿಕೊಂಡು ಗೆರೆಯವರೆಗೆ ಆಸಿಡ್ ತುಂಬಬೇಕು, ಅರ್ಧ ಗಂಟೆ ಬಿಟ್ಟು ಗಾಡಿಗೆ ಜೋಡಿಸಬೇಕು ಎಂದು ಚೀಟಿಯಲ್ಲಿತ್ತು. ಮುದುಕ ಗೊಣಗುತ್ತಲೇ ಎಲ್ಲವನ್ನೂ ಲಾರಿಗೇರಿಸಿದ. ಚಳಿಗಾಲವಿಡೀ ಮುದುಕನಿಗೆ ನೆಮ್ಮದಿಯಿಲ್ಲ. ಬೀಗರು ಏನಂದರೋ ಎಂದು ಸಂತೆಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ದಾರಿ ಮುಚ್ಚಿದ ಮೇಲೆ ಹೇಳುವವರು ಯಾರು?

ಜೂನ್‌ನಲ್ಲಿ ಬೀಗನೇ ಮೋಟಾರ್‌ಸೈಕಲ್ ಏರಿ ಬಂದ, ಹಿಂದೆ ಬುರುಲಾಯ್. ತಮ್ಮ ಹಳ್ಳಿಯಲ್ಲಿ ತುಂಬಿಟ್ಟ ಮೂರು ಬ್ಯಾಟರಿ ಒಡೆದುಹೋದವೆಂದೂ ತಮ್ಮ ಗಾಡಿ ಮೊದಲ ಒದೆತಕ್ಕೇ ಗುಡುಗಿತೆಂದೂ ಬೀಗ ಸಂತೆಯ ನಡುವೆ ನಿಂತು ಸಾರಿದ. ಕಾಲಿಗುಲ್ ಗಡ್ಡ ನೀವಿಕೊಂಡ.

"ಅದಕ್ಕೇ ಬೀಗರೇ, ಒಣಗಿದ್ದೇ ಆಗ್ಬೇಕು ಅಂತ ಹಠ ಹಿಡಿದೆ ನಾನು."

ಬುರುಲಾಯ್ ಸಾಯ್ರಾಗುಲಳ ಮುಖ ನೋಡಿದಳು. ಸಾಯ್ರಾಗುಲ್ ಚಹಾ ಬಗ್ಗಿಸುತ್ತಾ, "ಹೌದು, ಅಜ್ಜ ಅವತ್ತು ಬಹಳ ಹಠ ಹಿಡಿದಿದ್ರು," ಎಂದಳು.