ಮಾವಶಿಯ ಪದರಿನ ಕೇಕು

ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಒಂದು ವಾಸನೆ ಬರುತ್ತದೆ, ಹದಕ್ಕೂ ಸೀಯುವುದಕ್ಕೂ ನಡುವಿನದು. ಈಗಲೂ ಯಾರ ಮನೆಯಿಂದಲಾದರೂ ಅದು ಬಂದರೆ ನಾನು ದಾಂಡೇಲಿಯ ಕಟ್ಟಿಗೆ ಡಿಪೋದೊಳಗಿನ ನಮ್ಮ ಒಲೆಯ ಮುಂದೆ ಕುಳಿತುಬಿಡುತ್ತೇನೆ. ಅಪ್ಪ ಅಲ್ಲಿ ಕಾರಕೂನ. ಮನೆಯ ಸುತ್ತ ತೇಗದ ದಿಮ್ಮಿಗಳನ್ನು ಕಿಟಕಿಯೆತ್ತರ ಒಟ್ಟಿರುತ್ತಿದ್ದರು. ನಡುಮಧ್ಯಾಹ್ನವೂ ಒಳಗೆ ಮಬ್ಬು. ನನ್ನನ್ನು ಹೆತ್ತು ಅವ್ವ ತೀರಿಕೊಂಡಾಗ ಅವಳ ತಂಗಿ ರೋಸಿನಾ ಮಾವಶಿ, ಕೂಸು ನಡೆಯುವ ತನಕ ಇದ್ದು ಹೋಗುತ್ತೇನೆಂದು ಹಳಿಯಾಳದಿಂದ ಬಂದವಳು. ನಾನು ನಡೆದೆ, ಓಡಿದೆ, ಜಡೆ ಹಾಕಿಸಿಕೊಂಡೆ, ಮಾವಶಿ ಹೋಗಲಿಲ್ಲ. ಭಾನುವಾರದ ಪೂಜೆಗೆ ಊರಿನ ಇಗರ್ಜಿಗೆ ಹೋಗಬೇಕೆಂದರೂ ಅವಳು ಅಪ್ಪನನ್ನು ಕೇಳಬೇಕಿತ್ತು. ಅಪ್ಪ ಎಂದೂ ಬೇಡ ಎಂದವನಲ್ಲ. ಮುಂದಿನ ವಾರ ನೋಡೋಣ ಎನ್ನುತ್ತಿದ್ದ, ಅಷ್ಟೇ.

ಕ್ರಿಸ್‌ಮಸ್‌ಗೆ ಅವಳು ಮಾಡುತ್ತಿದ್ದ ಕೇಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಮದುವೆಯ ವಯಸ್ಸಿಗೆ ಮುಂಚೆ ಬೆಳಗಾವಿಯ ಒಬ್ಬ ಇಂಗ್ಲಿಷ್ ದೊರೆಯ ಅಡುಗೆಮನೆಯಲ್ಲಿ ಪೈ ಎಂಬ ಹೂರಣದ ತಿನಿಸು ಮಾಡಲು ಕಲಿತಿದ್ದಳು. ರವೆಯ ಕೇಕು ತಾಯಿಯಿಂದ ಬಂದದ್ದು. ಎರಡನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸುತ್ತಿದ್ದಳು. ತುಪ್ಪ ಹಾಕಿ ನಾದಿದ ಮೈದಾಹಿಟ್ಟನ್ನು ತಳಕ್ಕೂ ಅಂಚಿಗೂ ಹಾಸಿ, ಅದರ ಮೇಲೆ ಕೊಬ್ಬರಿ ಬೆಲ್ಲದ ಹೂರಣ. ಯುದ್ಧದ ಕಾಲ, ಸಕ್ಕರೆ ಸಿಗುತ್ತಿರಲಿಲ್ಲ. ಹೂರಣದ ಮೇಲೆ ರವೆ, ಮೊಟ್ಟೆ, ತೆಂಗಿನ ಹಾಲಿನ ಹಿಟ್ಟು ಒಂದು ಸೌಟು. ಮುಚ್ಚಳದ ಮೇಲೆ ಕೆಂಡ. ಆ ಪದರು ಕೆಂಪಾದ ಮೇಲೆ ಇನ್ನೊಂದು ಸೌಟು. ನಡುವೆ ಎದ್ದು ಹೋಗುವಂತಿಲ್ಲ. ಬೆಳಗ್ಗೆ ಕೂತರೆ ಸಂಜೆಯ ತನಕ ಒಲೆಯ ಮುಂದೆಯೇ.

ಅಳ್ನಾವರದಿಂದ ಕಟ್ಟಿಗೆ ತುಂಬಲು ಬರುತ್ತಿದ್ದ ರೈಲಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು ಜುಜೆ. ನಮಗೆ ಸಂತೆಯಿಂದ ಮೊಟ್ಟೆ ತಂದುಕೊಡುತ್ತ, ಬೇಲಿಯಾಚೆ ನಿಂತು ಮಾವಶಿಯೊಡನೆ ಮಾತಾಡುತ್ತಿದ್ದ. ಒಂದು ವರ್ಷ ಹಬ್ಬದ ಹಿಂದಿನ ದಿನ ತಾಯಿಯನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದ. ಅವರು ಬರುವುದು ಮಾವಶಿಗೆ ಗೊತ್ತಿತ್ತು. ಬೆಳಗಿನಿಂದ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತ ಸೌಟು ಆಡಿಸುತ್ತಿದ್ದಳು. ಅಪ್ಪ ಅವರ ಮಾತನ್ನೆಲ್ಲ ಕೇಳಿ, ನನ್ನ ಹೆಗಲು ಹಿಡಿದು ಅವರ ಮುಂದೆ ನಿಲ್ಲಿಸಿದ.

"ನಂದೇನೂ ಅಡ್ಡಿ ಇಲ್ಲರಿ. ಈ ಕೂಸಿನ್ನ ಕೇಳ್ರಿ. ಇಕಿ ಹೂಂ ಅಂದ್ರ ರೋಸಿನಾನ್ನ ಕರಕೊಂಡು ಹೋಗ್ರಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮಾವಶಿ ಕೈಯಲ್ಲಿ ಇಕ್ಕಳ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಕಿನ್ನ ಕೇಳಬ್ಯಾಡ್ರಿ, ಭಾವ. ಸಣ್ಣಾಕಿ ಅದಾಳ. ಏನ ಅಂದ್ರೂ ಜಲ್ಮ ಪೂರ್ತಿ ಅದನ್ನ ಹೊತಗೊಂಡು ತಿರಗತಾಳ." ಆಮೇಲೆ ಜುಜೆಯ ಕಡೆ ತಿರುಗಿ, "ನಾ ಬರೂದಿಲ್ಲ" ಎಂದಳು.

ಒಳಗೆ ಹೋಗಿ ಕೊನೆಯ ಪದರು ಹುಯ್ದು, ಅದು ಕೆಂಪಾಗುವ ತನಕ ಕೂತಳು. ಕೊಯ್ದು ಎಲ್ಲರಿಗೂ ಕೊಟ್ಟಳು. ಜುಜೆ ಒಂದು ಚೂರೂ ಬಿಡದೆ ತಿಂದು, ತಾಯಿಯ ಕೈ ಹಿಡಿದು ಹೊರಟುಹೋದ. ಮುಂದೆ ಅವನಿಗೆ ಲೋಂಡಾ ಕಡೆ ವರ್ಗವಾಯಿತೆಂದು ಕೇಳಿದೆ. ಆ ರಾತ್ರಿ ಮಾವಶಿಗೆ ಒತ್ತಿಕೊಂಡು ಮಲಗಿದ್ದ ನನಗೆ ಅವಳು ಹೋಗಲಿಲ್ಲವೆಂಬ ಸಂತೋಷ ಬಿಟ್ಟು ಬೇರೇನೂ ತಿಳಿದಿರಲಿಲ್ಲ. ನನ್ನ ಮೇಲಿಂದ ಅವಳು ಯಾವ ಭಾರವನ್ನು ಇಳಿಸಿದಳೆಂಬುದು, ನನಗೇ ಮಗಳು ಹುಟ್ಟಿದ ಮೇಲೆ ತಿಳಿಯಿತು.

ಅಪ್ಪ ತೀರಿಕೊಂಡ ಮೇಲೆ ಡಿಪೋದ ಆ ಮನೆ ಬೇರೆಯವರಿಗೆ ಹೋಯಿತು, ಆಮೇಲೆ ಬಿತ್ತು. ಮಾವಶಿಯನ್ನು ಹಳಿಯಾಳಕ್ಕೆ, ನನ್ನ ಮನೆಗೆ ಕರೆತಂದೆ. ಅವಳು ಹುಟ್ಟಿದ ಊರು, ಇಗರ್ಜಿ ಕೂಗಳತೆಯಲ್ಲಿ. ಮರುದಿನ ಬೆಳಿಗ್ಗೆ ತಲೆಯ ಮೇಲೆ ಸೆರಗು ಹೊದ್ದು ಹೊಸಿಲ ಒಳಗೇ ನಿಂತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಕೇಳಿದಳು:

"ಅಂಗಳದಾಗ ಒಂಚೂರು ಅಡ್ಡಾಡಿ ಬರ್ಲೇನವಾ?"

ಎಲ್ಲಿಗೆ ಬೇಕಾದರೂ ಹೋಗೆಂದೆ. ಅವಳು ಹೊಸಿಲು ದಾಟಲಿಲ್ಲ. ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಬೀದಿಯ ತುದಿಯ ತನಕ ನಡೆದೆವು. ಅಲ್ಲಿ ಮಾವಶಿ ನಿಂತಳು. ಇನ್ನು ಯಾವ ಕಡೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.